ಹೊಳೆಯಾಚೆಗೆ ಹೋದ ಬೀಗದಣ್ಣ

ಒದ್ದೆ ಬೆಡ್‌ಶೀಟಿನ ಒಂದು ತುದಿ ಹೆಂಡತಿಯ ಕೈಯಲ್ಲಿತ್ತು, ಇನ್ನೊಂದು ಬೀಗದಣ್ಣನ ಕೈಯಲ್ಲಿ. ಅವನು ಬಲಕ್ಕೆ ತಿರುಚಿದರೆ ಅವಳು ಎಡಕ್ಕೆ. ಗಂಡ ಹೆಂಡಿರು ಕೂಡಿ ಮಾಡುವ ಕೆಲಸಗಳಲ್ಲಿ ಜಗಳವಿಲ್ಲದೆ ಮುಗಿಯುತ್ತಿದ್ದುದು ಇದೊಂದೇ. ಅವತ್ತು ಅದಕ್ಕೂ ಕಲ್ಲು ಬಿತ್ತು. ಹಿಂಡಿ ಮುಗಿಸಿ, ಚಳಿಗೆಂದು ಹೊರತೆಗೆದ ಅವನ ಹಳೆಯ ಕೋಟನ್ನು ನೆನೆಹಾಕಲು ಹೋದವಳು ಒಳಜೇಬಿಗೆ ಕೈಹಾಕಿದಳು. ಬೇಸಿಗೆಯಲ್ಲಿ ಅವಳೇ ಬರೆದು, ಅಂಟಿಸಿ, ಅಂಚೆ ಡಬ್ಬಿಗೆ ಹಾಕಲು ಕೊಟ್ಟಿದ್ದ ಕಾಗದ ಹೊರಬಂತು. ಮಗಳಿಗೆ ಬಂದ ಸಂಬಂಧಕ್ಕೆ ಒಪ್ಪಿಗೆ ಹೇಳುವ ಕಾಗದ, ಜೊತೆಗೊಂದು ಫೋಟೋ.

"ಅಂಚೆಯವರು ಕಳೆದುಬಿಟ್ರು ಅಂತ ಇಷ್ಟು ದಿನ ಅವರಿಗೆ ಶಾಪ ಹಾಕಿದ್ದೆನಲ್ರೀ" ಎಂದಳು.

ಬೀಗದಣ್ಣನಿಗೆ ಹುಡುಗನ ಮೇಲೆ ತಕರಾರಿರಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಸಾಧು ಹುಡುಗ. ಅವನ ಊರು ಹೊಳೆಯಾಚೆ, ಅದೇ ತೊಂದರೆ. ಹೊಳೆಯಾಚೆಯದು ಕಳ್ಳರ ಸೀಮೆಯೆಂದು ಬೀದಿಗೆಲ್ಲ ಗೊತ್ತಿತ್ತು. ಹೋಗಿ ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ.

ಹುಡುಗನನ್ನು ಸೋದರತ್ತೆಯ ಮನೆಯಲ್ಲಿ ನೋಡಿ ಮನಸಾರೆ ಒಪ್ಪಿದ್ದ ಮಗಳು ಒಳಗಿನಿಂದಲೇ ಮೆಲ್ಲಗೆ ಹೇಳಿದಳು: "ಅಪ್ಪಾ, ಹೋಗಿ ನೋಡ್ಕೊಂಡು ಬಾ. ಆಮೇಲೆ ಹಾಕು, ಇಲ್ಲ ಹರಿದುಹಾಕು. ಜೇಬಲ್ಲಿ ಮಾತ್ರ ಇಟ್ಕೋಬೇಡ."

ನಿಜ ಹೇಳಬೇಕೆಂದರೆ ಅವನಿಗೂ ಆ ಸೀಮೆ ಹೇಗಿದೆಯೋ ನೋಡುವ ಚಪಲವಿತ್ತು. ಬೀಗ ರಿಪೇರಿಯವನು ಯಾರ ಬಾಗಿಲಲ್ಲಿ ನಿಂತರೂ ಯಾಕೆಂದು ಕೇಳುವವರಿಲ್ಲ. ಗುರುತು ಹೇಳದೆ ಹುಡುಗನ ಬೀದಿ ಸುತ್ತಿ ಬರುವುದೆಂದು ಕಾಗದವನ್ನು ಅಂಗಿಯ ಜೇಬಿಗಿಟ್ಟು, ಸಲಕರಣೆಯ ಚೀಲ ಹೆಗಲಿಗೇರಿಸಿದ.

ಸುದ್ದಿ ಅವನಿಗಿಂತ ಮೊದಲೇ ಬಸ್ ನಿಲ್ದಾಣ ತಲುಪಿತ್ತು. ಇಸ್ತ್ರಿ ಅಂಗಡಿಯವನು ವಾಚು ಬಿಚ್ಚಿಸಿ ಕಾಲುಚೀಲಕ್ಕೆ ತುರುಕಿಸಿದ. ಪಕ್ಕದ ಮನೆಯ ಟೀಚರಮ್ಮ ಇದ್ದಬದ್ದ ಜೇಬಿಗೆಲ್ಲ ಪಿನ್ನು ಚುಚ್ಚಿದರು. ಬಸ್ಸಲ್ಲಿ ಕಣ್ಣು ಮುಚ್ಚಬೇಡಿ, ಆಕಳಿಸುವಾಗಲೂ ಮುಚ್ಚಬೇಡಿ ಎಂದರು. ಅಷ್ಟರಲ್ಲಿ ಹೊಳೆಯಾಚೆಯಿಂದ ಬಂದ ಬಸ್ಸಿನಿಂದ ಗಿಳಿಹಸಿರು ಮಫ್ಲರಿನ ಒಬ್ಬರು ಇಳಿದರು. ಯಾರದೋ ಹಸುಗೂಸನ್ನು ಹಿಡಿದವರ ಹಾಗೆ ಕೈಚೀಲವನ್ನು ಎದೆಗವಚಿಕೊಂಡು ಸುತ್ತ ನೋಡುತ್ತಿದ್ದರು.

"ನೋಡು ಬೀಗದಣ್ಣ, ಅಲ್ಲಿದ್ದೂ ಇದ್ದೂ ಆ ಮನುಷ್ಯರು ಹೇಗಾಗಿದಾರೆ" ಎಂದು ಇಸ್ತ್ರಿಯವನು ಮರುಗಿದ.

ದಾರಿಯುದ್ದಕ್ಕೂ ಜೇಬುಗಳನ್ನೇ ಮುಟ್ಟಿ ನೋಡುತ್ತಿದ್ದ ಬೀಗದಣ್ಣ ಇಳಿಯುವಾಗ ಚೀಲವನ್ನೇ ಮರೆತ. ಯಾರೋ "ಯಜಮಾನ್ರೇ" ಎಂದು ಕೂಗುತ್ತ ಬೆನ್ನಟ್ಟಿದರು. ಇವನು ಓಡಿದ. ಅವರೂ ಓಡಿದರು. ಕೊನೆಗೆ ಅವರು ಏದುಸಿರು ಬಿಡುತ್ತ ಚೀಲವನ್ನು ಅವನ ಕೈಗಿತ್ತು ಹಿಂದಿರುಗಿದರು.

ಮುಂದೆ ನೋಡಿದ್ದೆಲ್ಲ ವಿಚಿತ್ರ. ಸೈಕಲ್ಲುಗಳು ಬೀಗವಿಲ್ಲದೆ ಗೋಡೆಗೊರಗಿದ್ದವು. ದರ್ಜಿ ಅಂಗಡಿಯ ಬಾಗಿಲು ಹಾರುಹೊಡೆದಿತ್ತು, ದರ್ಜಿ ಎದುರಿನ ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. "ಬೀಗ ರಿಪೇರೀ" ಎಂದು ಕೂಗಿದರೆ ಜನ ಕರಡಿ ಬಂತೆಂಬಂತೆ ಹೊರಬಂದು ನೋಡಿದರು. ಹುಡುಗನ ಮನೆಯ ಬಾಗಿಲಿಗಂತೂ ಚಿಲಕದ ಜಾಗದಲ್ಲಿ ಒಂದು ದಾರ.

ಹುಡುಗನ ತಾಯಿ ಅವನನ್ನು ಒಳಗೆ ಕರೆದರು. ಬೀಗದ ಕೈ ಕಳೆದುಹೋಗಿ ವರ್ಷಗಳಿಂದ ಮುಚ್ಚಿಕೊಂಡಿದ್ದ ಬೀರು ಒಂದಿತ್ತು. ಬೀಗದಣ್ಣ ತನ್ನ ಸೊಟ್ಟ ತಂತಿಯನ್ನು ತೂರಿಸಿ, ಕಿವಿಗೊಟ್ಟು, ಒಮ್ಮೆ ತಿರುವಿದ. ಬೀರು ಆಕಳಿಸಿದಂತೆ ತೆರೆಯಿತು. ಆಕೆ ಖುಷಿಯಾಗಿ ಊಟಕ್ಕೆ ಹಾಕಿದರು. ಇಂಥ ಮನೆಗೆ ಮಗಳನ್ನು ಕೊಡಲು ಇಷ್ಟು ದಿನ ಅನುಮಾನಿಸಿದೆನಲ್ಲಾ ಎಂದು ಅವನ ಹೊಟ್ಟೆ ತುಂಬುವ ಮೊದಲೇ ಕಣ್ಣು ತುಂಬಿತು.

"ಯಾವೂರಾಯ್ತಣ್ಣಾ ನಿಮ್ದು?"

ಮೈಮರೆತು ಊರಿನ ಹೆಸರು ಹೇಳಿಬಿಟ್ಟ. ಆಕೆಯ ಕೈಯ ಸೌಟು ಗಾಳಿಯಲ್ಲೇ ನಿಂತಿತು.

"ಅಯ್ಯೋ, ಹೊಳೆಯಾಚೆಯವರಾ? ನಿಮ್ಮನ್ನ ನೋಡಿದ್ರೆ ಹಾಗನಿಸೋದೇ ಇಲ್ಲ. ಅಲ್ಲಿ ಜನ ಭಾರಿ ಖದೀಮರು ಅಂತಾರಲ್ಲಣ್ಣ, ಹೌದಾ?"

ಬೀಗದಣ್ಣ ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡ. ಆಕೆ ಪಕ್ಕದಲ್ಲೇ ಕೂತು ಎಲ್ಲ ಹೇಳಿಕೊಂಡರು. ಆ ಊರಿನ ಹುಡುಗಿಯನ್ನು ಮಗ ಮೆಚ್ಚಿದ್ದಾನೆ, ಹುಡುಗಿಯ ಅಪ್ಪ ಮಾತ್ರ ಉತ್ತರವನ್ನೇ ಕೊಡುತ್ತಿಲ್ಲ. ಎಂಥ ಮನುಷ್ಯನೋ ಏನೋ.

"ಅದಕ್ಕೇ ಬೆಳಿಗ್ಗೆ ನನ್ನ ತಮ್ಮನ್ನ ಕಳಿಸಿದೀನಿ, ಗುರುತು ಹೇಳ್ದೆ ನೋಡ್ಕೊಂಡು ಬಾ ಅಂತ. ಚಳಿ ಅಂತ ನಾನೇ ಹೆಣೆದ ಗಿಳಿಹಸಿರು ಮಫ್ಲರ್ ಸುತ್ತಿ ಕಳಿಸ್ದೆ. ಅವನು ಹೂಂ ಅಂದ್ರೆ ಹೂಂ. ಬೇಡ ಅಂದ್ರೆ ಮುಗೀತು."

ಆ ಅಪ್ಪ ನಾನೇ ಎನ್ನಲು ಬೀಗದಣ್ಣ ಬಾಯಿ ತೆರೆದ. ಎದುರಿಗೆ ತಾನು ತಂತಿ ಹಾಕಿ ತೆರೆದ ಬೀರು ಕಾಣಿಸಿತು. ಬಾಯಿ ಮುಚ್ಚಿದ. ಕೈತೊಳೆದವನೇ ಬಸ್ಸಿಗೆ ಓಡಿದ.

ದಾರಿಯಲ್ಲಿ ಲೆಕ್ಕ ಹಾಕಿದ. ಮೊದಲು ಒಪ್ಪಿಗೆಯ ಕಾಗದ ಡಬ್ಬಿಗೆ ಬೀಳಬೇಕು. ಆಮೇಲೆ ಆ ಮಫ್ಲರಿನವರನ್ನು ಹುಡುಕಿ, ಮನೆಗೆ ಕರೆದು, ಮರ್ಯಾದೆ ಮಾಡಬೇಕು. ತನ್ನಂಥ ಸಜ್ಜನನನ್ನು ನೋಡಿದ ಮೇಲೆ ಯಾರು ತಾನೇ ಬೇಡ ಎಂದಾರು?

ಸಂಜೆ ಬಸ್ಸಿಳಿದಾಗ ಕಾಗದ ಒಯ್ಯುವ ಅಂಚೆಯವನ ಸೈಕಲ್ಲು ಬೀದಿಯ ಆ ತುದಿಯಲ್ಲಿ ಕಾಣಿಸಿತು. ಬೀಗದಣ್ಣ ಪಿನ್ನು ಕೀಳುವ ತಾಳ್ಮೆಯಿಲ್ಲದೆ ಜೇಬನ್ನೇ ಹರಿದು ಕಾಗದ ತೆಗೆದು, ನಿಲ್ದಾಣದ ಪಕ್ಕದ ಡಬ್ಬಿಗೆ ತುರುಕಿದ. ಫೋಟೋದಿಂದ ದಪ್ಪಗಾಗಿದ್ದ ಲಕೋಟೆ ಡಬ್ಬಿಯ ತುಕ್ಕುಹಿಡಿದ ಬಾಯಲ್ಲಿ ಸಿಕ್ಕಿಕೊಂಡಿತು. ತಳ್ಳಿದರೆ ಒಳಗೆ ಹೋಗದು, ಎಳೆದರೆ ಹೊರಗೆ ಬಾರದು. ಕೈ ತಾನಾಗಿ ಚೀಲಕ್ಕೆ ಹೋಯಿತು. ಸೊಟ್ಟ ತಂತಿ ತೆಗೆದು ಡಬ್ಬಿಗೆ ತೂರಿಸಿ, ಒಂದು ಕಣ್ಣು ಮುಚ್ಚಿ, ಒಳಗೆ ಇಣುಕುತ್ತ ಆಡಿಸತೊಡಗಿದ.

ಹಿಂದಿನಿಂದ ಇಸ್ತ್ರಿಯವನ ಹೆಮ್ಮೆಯ ದನಿ ಕೇಳಿಸಿತು.

"ಬೆಳಿಗ್ಗೆಯಿಂದ ವಿಚಾರಿಸ್ತಿದ್ರಲ್ಲ ಸ್ವಾಮಿ, ಇವರೇ ನೋಡಿ. ಎಂಥ ಬೀಗ ಆಗ್ಲಿ, ಕಣ್ಮುಚ್ಚಿ ತೆಗೀತಾರೆ. ಇವತ್ತು ನಿಮ್ ಕಡೆನೇ ಹೋಗಿದ್ರು, ಮನೆ ಮನೆ ನೋಡ್ಕೊಂಡು ಬರೋಕೆ."

ಬೀಗದಣ್ಣ ತಿರುಗಿದ. ಗಿಳಿಹಸಿರು ಮಫ್ಲರಿನವರು ಎರಡು ಹೆಜ್ಜೆ ಹಿಂದೆ ಸರಿದು, ಕೈಚೀಲವನ್ನು ಇನ್ನಷ್ಟು ಬಿಗಿಯಾಗಿ ಎದೆಗೆ ಅವಚಿಕೊಂಡರು.

ಅವನ ಕೈಯ ತಂತಿ ಅಲುಗಿತು. ಕಾಗದ ಟಪ್ಪೆಂದು ಒಳಗೆ ಬಿತ್ತು.