ಹಾಯಿಯ ಹೊಟ್ಟೆ

ವಿರುಪಣ್ಣನ ತಾಪತ್ರಯ ಶುರುವಾದದ್ದು ಒಂದು ಮಾತನ್ನು ಬಾಗಿಲಾಚೆ ನಿಂತು ಅರ್ಧ ಕೇಳಿಸಿಕೊಂಡದ್ದರಿಂದ.

ಎಂಬತ್ತೆರಡರ ಶ್ರಾವಣ. ತುಂಗಭದ್ರೆಯ ಹಿನ್ನೀರು ದಂಡೆಯ ಜಾಲಿಗಿಡಗಳ ಬುಡದವರೆಗೂ ಬಂದು ನಿಂತಿತ್ತು. ದಂಡೆಯ ಮೇಲಿನ ನೀರಾವರಿ ಕ್ಯಾಂಪಿನಲ್ಲಿ ವಿರುಪಣ್ಣ ಸಾಮಾನು ಕೋಣೆಯ ಗುಮಾಸ್ತ. ಸಿಮೆಂಟು ಚೀಲ, ಸಲಿಕೆ, ಬುಟ್ಟಿ ಇಷ್ಟು ಬಿಟ್ಟು ಬೇರೆ ಲೋಕದ ಗೊಡವೆ ಅವನಿಗಿರಲಿಲ್ಲ. ಆವತ್ತು ಬೆಳಿಗ್ಗೆ ರಜೆಯ ಅರ್ಜಿ ಹಿಡಿದು ಎಂಜಿನಿಯರ್ ಸಾಹೇಬರ ಕೋಣೆಯ ಹೊರಗೆ ನಿಂತಿದ್ದ. ಹೆಂಡತಿ ತವರುಮನೆ ಹನುಮಸಾಗರದಲ್ಲಿ ಹೆಣ್ಣು ಹಡೆದಿದ್ದಳು. ಚೊಚ್ಚಲು. ಮರುದಿನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಸಂಜೆಯ ಕುಷ್ಟಗಿ ಬಸ್ಸು ಸಿಕ್ಕರೆ ರಾತ್ರಿ ಊಟಕ್ಕೆ ಮಾವನ ಮನೆಯಲ್ಲಿರಬಹುದು. ಸಿಗದಿದ್ದರೆ, ಹಡೆದಾಗಲೂ ಬರದ, ಹೆಸರಿಡುವಾಗಲೂ ಬರದ ಅಳಿಯ ಎಂಬ ಹೆಸರು ಅವನಿಗೇ ಬೀಳುತ್ತಿತ್ತು.

ಒಳಗೆ ಜವಾನ ಕಾಳಪ್ಪ ಹೇಳುತ್ತಿದ್ದ: "ಜೋಡೆತ್ತಿಂದು ಹಾಯಿ ಭಾಳ ಕೆಟ್ಟೈತ್ರಿ ಸಾಹೇಬ್ರ."

ಸಾಹೇಬರು ಮೈಸೂರು ಕಡೆಯವರು. "ಅದನ್ನ ಸರಿ ಮಾಡೋಕೆ ಬರೋರು ಇಲ್ಲಿ ಯಾರಾದರೂ ಇದ್ದಾರಾ?" ಎಂದು ಕೇಳಿದರು.

ಜೋಡೆತ್ತು ಕೊಂಬಿನಿಂದ ಹಾಯುತ್ತದೆ ಎಂದು ವಿರುಪಣ್ಣನಿಗೆ ಕೇಳಿಸಿತು. ಸಾಹೇಬರನ್ನು ಖುಷಿಪಡಿಸಿ ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದೆಂದು ಒಳಗೇ ನುಗ್ಗಿದ. "ನನಗ ಬರ್ತೈತ್ರಿ. ನಮ್ಮ ಮನ್ಯಾಗೂ ಒಂದು ಹಾಯ್ತಿತ್ರಿ. ಮೂಗುದಾರ ಬಿಗಿ ಮಾಡಿದ ಮ್ಯಾಲೆ ಸುಮ್ಮನಾತು."

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಮೀಸೆಯ ಕೆಳಗೆ ಏನೋ ಸಣ್ಣಗೆ ನಕ್ಕಂತಾಯಿತು. "ಬಹಳ ಸಂತೋಷ. ನೀವೇ ಸರಿ. ಮಧ್ಯಾಹ್ನ ಪಂದ್ಯ. ನನ್ನ ಜೊತೆ ದೋಣೀಲಿ ನೀವೇ ಕೂತ್ಕೋಬೇಕು. ಮುಗಿದ ಮೇಲೆ ರಜೆ ತಗೊಂಡು ಹೋಗಿ."

ದೋಣಿ ಎಂಬ ಮಾತು ಕಿವಿಗೆ ಬಿದ್ದಮೇಲೆ ವಿರುಪಣ್ಣನಿಗೆ ತಾನು ಹೊಕ್ಕ ಹೊಂಡ ಎಂಥದೆಂದು ಗೊತ್ತಾಯಿತು. ಕ್ಯಾಂಪಿನವರು ಜೋಡೆತ್ತು ಎನ್ನುತ್ತಿದ್ದದ್ದು ದಂಡೆಯ ಮೇಲೆ ಬಿದ್ದಿದ್ದ ಒಂದು ಹಳೆಯ ಕೆಟಮರಾನನ್ನು. ಕಿರಿದಾದ ಎರಡು ಉದ್ದ ದೋಣಿಗಳನ್ನು ಅಡ್ಡ ಕೊಳವೆಗಳಿಂದ ಬೆಸೆದು, ನಡುವೆ ಕ್ಯಾನ್ವಾಸು ಬಿಗಿದು, ಎತ್ತರದ ಕಂಬ ನೆಟ್ಟಿದ್ದರು. ಒಂದು ಕಾಲಕ್ಕೆ ಸಮುದ್ರದ ಪಂದ್ಯಗಳಲ್ಲಿ ಓಡಿದ್ದಂತೆ. ಹಿಂದಿದ್ದ ಯಾರೋ ಎಂಜಿನಿಯರು ತಂದು, ವರ್ಗವಾದಾಗ ಬಿಟ್ಟುಹೋಗಿದ್ದರು. ಸಾಹೇಬರ ಮೇಲಧಿಕಾರಿಯಾದ ದೊಡ್ಡ ಸಾಹೇಬರು ಆಚೆ ದಂಡೆಯಿಂದ ತಮ್ಮ ಹೊಸ ದೋಣಿ ತಂದು ವರ್ಷಕ್ಕೊಮ್ಮೆ ಇದರ ಜೊತೆ ಪಂದ್ಯ ಆಡುತ್ತಿದ್ದರು.

"ಕ್ಯಾಂಬರ್ ಜಾಸ್ತಿಯಾಗಿದೆ," ಎಂದರು ಸಾಹೇಬರು ಟೋಪಿ ಹಾಕಿಕೊಳ್ಳುತ್ತ. "ಬಟ್ಟೆ ಹಿಗ್ಗಿ ಹೊಟ್ಟೆ ಹಿಂದಕ್ಕೆ ಸರಿದಿದೆ. ಹೊಟ್ಟೆ ಕಮ್ಮಿ ಆಗಬೇಕು, ಇರೋದು ಮುಂದಕ್ಕೆ ಬರಬೇಕು. ತಿಳೀತಲ್ಲ?"

ವಿರುಪಣ್ಣ ತನ್ನ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು, "ತಿಳೀತ್ರಿ," ಎಂದ. ಕ್ಯಾಂಬರ್ ಎಂದರೆ ನೀರು ನಿಲ್ಲದಂತೆ ರಸ್ತೆಯ ನಡುವನ್ನು ಉಬ್ಬಿಸುವುದು ಎಂದಷ್ಟೇ ಅವನಿಗೆ ಗೊತ್ತು. ಅದು ದೋಣಿಯ ಬಟ್ಟೆಗೆ ಹೇಗೆ ಬಂತೋ ತಿಳಿಯಲಿಲ್ಲ.

ಕಾಳಪ್ಪನೂ ಅವನೂ ಸೇರಿ ಹಾಯಿ ಏರಿಸಿದರು. ಗಾಳಿ ತುಂಬಿದ್ದೇ ತಡ, ಅದು ಹಸಿ ಮೇವು ತಿಂದು ಹೊಟ್ಟೆ ಉಬ್ಬರಿಸಿದ ಎಮ್ಮೆಯ ಹಾಗೆ ಹಿಂಭಾಗದಲ್ಲಿ ಗುಡಾಣವಾಯಿತು. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ನಿಂತರು. ಕ್ಯಾಂಪಿನಲ್ಲಿ ಇಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತರೆ ಮೂರನೆಯವನು ಬಾರದೆ ಇರುವುದಿಲ್ಲ. ಗೇಟಿನ ಬಳಿ ಅಂಗಡಿ ಇಟ್ಟುಕೊಂಡಿದ್ದ ಟೇಲರ್ ಬಾಬಾಸಾಬ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ.

"ಬಟ್ಟಿ ತಪ್ಪಲ್ಲ, ಕಟಿಂಗ್ ತಪ್ಪೈತಿ," ಎಂದ ಬಾಬಾಸಾಬ, ಕಣ್ಣು ಕಿರಿದು ಮಾಡಿ. "ಹೊಟ್ಟಿ ಇದ್ದವ್ರ ಅಂಗಿ ಎಷ್ಟು ಹೊಲದೀನಿ ನಾ. ಇಳಸ್ರಿ ಕೆಳಗ. ಕಂಬದ ಕಡಿ ಒಂದು ಪಟ್ಟಿ ಮಡಚಿ ಹೊಲದ್ರ ಹೊಟ್ಟಿ ಓಡಿ ಹೊಕ್ಕೈತಿ."

"ಸಾಹೇಬ್ರು ಹೊಟ್ಟಿ ಮುಂದಕ್ಕ ಬರಬೇಕಂದಾರಪಾ."

"ಮುಂದಕ್ಕ ಬಂದ್ರೇನು, ಹಿಂದಕ್ಕ ಹೋದ್ರೇನು, ಹೊಟ್ಟಿ ಹೊಟ್ಟೀನ. ತಗದ್ಬಿಡೋದು ಛಲೋ."

ಹಾಯಿಯನ್ನು ಮರಳಿನ ಮೇಲೆ ಹಾಸಿ, ದಬ್ಬಣ ದಾರ ಹಿಡಿದು ಬಾಬಾಸಾಬ ಹೊಲಿಗೆಗೆ ಕುಳಿತ. ಹೊಲಿಯುತ್ತ ಹೊಲಿಯುತ್ತ ಹಾಯಿಯ ಮೇಲೆ ಅಲ್ಲಲ್ಲಿ ನೇತಾಡುತ್ತಿದ್ದ ಕೆಂಪು ಉಣ್ಣೆಯ ಎಳೆಗಳನ್ನು ಕಚಕ್ ಕಚಕ್ ಎಂದು ಕತ್ತರಿಸಿ ಎಸೆದ. ಅದನ್ನು ಕಂಡ ಕಾಳಪ್ಪನ ಮುಖ ಸಪ್ಪಗಾಯಿತು.

"ಆ ಎಳಿ ಹಾರೂದು ನೋಡೇ ಸಾಹೇಬ್ರು ಗಾಳಿ ಹ್ಯಾಂಗ ಹೊಂಟೈತಿ ಅಂತ ತಿಳ್ಕೊಂತಾರ."

"ನನ್ನ ಹೊಲಿಗ್ಯಾಗ ದಾರ ಜೋತಾಡಂಗಿಲ್ಲ," ಎಂದ ಬಾಬಾಸಾಬ ತಲೆ ಎತ್ತದೆ. "ನಾಳೆ ಮಂದಿ ನನಗ ಆಡ್ಕೊಂತಾರ."

ಎದ್ದು ನಿಂತಾಗ ಅವನ ಕೆಳಗೆ ಲಟಲಟ ಎಂದಿತು. ಹಾಯಿಗೆ ಅಡ್ಡಡ್ಡ ಉದ್ದನೆಯ ಚೀಲಗಳಿದ್ದವು. ಅವುಗಳೊಳಗೆ ತೂರಿಸಿದ್ದ ಪಟ್ಟಿಗಳೇ ಬಟ್ಟೆಯ ಆಕಾರ ಹಿಡಿದು ನಿಲ್ಲಿಸುವ ಪಕ್ಕೆಲುಬುಗಳು. ಬಾಬಾಸಾಬ ಕುಳಿತದ್ದು ಅವುಗಳ ಮೇಲೇ. ವಿರುಪಣ್ಣ ಒಂದನ್ನು ಹೊರಗೆಳೆದ. ಅರ್ಧ ಬಂತು.

ಅಷ್ಟರಲ್ಲಿ ಸಾಮಾನು ಕೋಣೆಗೆ ಬುಟ್ಟಿ ಹಾಕಲು ಬಂದಿದ್ದ ದುರುಗವ್ವ ಅಲ್ಲಿಗೇ ಬಂದಳು. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವಾಕೆ. ಕಥೆ ಕೇಳಿ ಕುಡುಗೋಲು ತೆಗೆದಳು.

"ಬಿದಿರಿನ ಪಟ್ಟಿ ಮಾಡಿಕೊಡ್ತೀನಿ ತಗೋ ಯಪ್ಪಾ. ಆದ್ರ ಹೊಟ್ಟಿ ಪೂರಾ ತಗೀಬ್ಯಾಡ್ರಿ. ಹೊಟ್ಟಿ ಇಲ್ಲದ ಮೊರದಾಗ ಜ್ವಾಳ ಹಸನಾಗತಾವೇನು?"

"ಇದು ಮೊರ ಅಲ್ಲವಾ, ಅಂಗಿ," ಎಂದ ಬಾಬಾಸಾಬ.

"ಹಂಗಾರ ತೊಟಗೊಂಡು ಹೋಗು," ಎಂದಳು ದುರುಗವ್ವ.

ಅವಳು ಸೀಳಿದ ಪಟ್ಟಿಗಳು ದಪ್ಪವಾಗಿ ಚೀಲಕ್ಕೆ ಹೋಗಲಿಲ್ಲ. ಅದಕ್ಕೆ ಮುಂದಿನ ತುದಿಯನ್ನು ತೆಳ್ಳಗೆ ಹೆರೆದು ಒಳಗೆ ದಬ್ಬಿದಳು. ಹಿಂದಿನ ತುದಿ ದಪ್ಪವಾಗಿಯೇ ಉಳಿಯಿತು. ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪಗೆ ಇದ್ದರೆ ನಡೆಯುತ್ತದೆಯೇ ಎಂದು ವಿರುಪಣ್ಣ ಕೇಳಿದ. ನಡೆಯುತ್ತದೆ ಎಂದಳು ಅವಳು. ನಡೆಯುವುದಿಲ್ಲ ಎಂದ ಬಾಬಾಸಾಬ. ಕಾಳಪ್ಪ ಇಬ್ಬರಿಗೂ ತಲೆಯಾಡಿಸಿದ.

ಈ ಜಗಳದ ಸದ್ದಿಗೆ ಐದನೆಯವನಾಗಿ ಬಂದವನು ಆನೆಗೊಂದಿಯ ಮಾರೆಪ್ಪ. ಹರಿಗೋಲು ಹಾಕುವವನು. ಪಂದ್ಯ ನೋಡಲು ಬಂದ ಮಂದಿಯನ್ನು ನೀರಲ್ಲಿ ಸುತ್ತಿಸಲೆಂದು ಹರಿಗೋಲು ತಂದಿದ್ದ. ನೀರಿನ ಮೇಲೆ ತಾನಿರುವಾಗ ಒಬ್ಬ ದರ್ಜಿಯೂ ಒಬ್ಬ ಬುಟ್ಟಿಯವಳೂ ದೋಣಿಯ ಮಾತಾಡುವುದು ಅವನಿಗೆ ಸರಿ ಕಾಣಲಿಲ್ಲ. ಅವನ ಹರಿಗೋಲಿಗೆ ಹಾಯಿಯೇ ಇಲ್ಲವೆಂಬುದು ಬೇರೆ ಮಾತು.

"ತೊಗಲು ಬಿಗದಂಗ ಬಿಗೀಬೇಕ್ರಿ ಇದನ್ನ. ಬಡದ್ರ ಡಬ್ ಅನಬೇಕು," ಎಂದವನೇ ಹಾಯಿಯನ್ನು ಮತ್ತೆ ಕಂಬಕ್ಕೆ ಏರಿಸಿ, ಬುಡದಲ್ಲಿ ಅದರ ಮುಂದಿನ ಮೂಲೆಯ ಹಗ್ಗಕ್ಕೆ ಜೋತುಬಿದ್ದ. ಬಟ್ಟೆ ಕರಕರ ಎಂದು ಕೆಳಗಿಳಿಯಿತು. ಅಷ್ಟಕ್ಕೇ ಒಂದು ಗಂಟು ಹಾಕಿದ. "ಇದು ನಮ್ಮಜ್ಜನ ಗಂಟು. ಹಾಕಾಕ ಬರ್ತೈತಿ, ಬಿಚ್ಚಾಕ ಬರಂಗಿಲ್ಲ."

ಈಗ ಹಾಯಿ ಬೇರೆಯೇ ರೂಪದಲ್ಲಿ ನಿಂತಿತ್ತು. ಕಂಬದ ಹತ್ತಿರ ಸಣ್ಣಗೆ ಬಾಗಿ, ಹಿಂದಕ್ಕೆ ಹೋಗುತ್ತ ಹೋಗುತ್ತ ಚಪ್ಪಟೆ. ಹೊಟ್ಟೆ ಪೂರ್ತಿ ಹೋಗಲಿಲ್ಲವೆಂದು ಬಾಬಾಸಾಬನಿಗೆ ಬೇಸರ, ಇನ್ನೂ ಬೇಕಿತ್ತೆಂದು ದುರುಗವ್ವನಿಗೆ ಬೇಸರ, ಡಬ್ ಎನ್ನಲಿಲ್ಲವೆಂದು ಮಾರೆಪ್ಪನಿಗೆ ಬೇಸರ. ಮೂವರಿಗೂ ಬೇಸರವಾದಮೇಲೆ ಕೆಲಸ ಪೂರ್ತಿ ಕೆಟ್ಟಿರಲೇಬೇಕೆಂದು ವಿರುಪಣ್ಣ ತಿಳಿದ. ರಜೆ ಹೋಯಿತು. ನೌಕರಿಯಾದರೂ ಉಳಿಯಲಿ ಎಂದು ಹೇಮಗುಡ್ಡದ ದುರ್ಗಮ್ಮನಿಗೆ ಅಲ್ಲಿಂದಲೇ ಕೈಮುಗಿದ.

ಮಧ್ಯಾಹ್ನ ದಂಡೆಯ ತುಂಬ ಮಂದಿ. ದೊಡ್ಡ ಸಾಹೇಬರು ಬಿಳಿ ಚಡ್ಡಿ ತೊಟ್ಟು ತಮ್ಮ ಬಣ್ಣದ ದೋಣಿಯಲ್ಲಿ ಕುಳಿತಿದ್ದರು. ನೀರಿನ ನಡುವಿನ ಬಂಡೆಯನ್ನು ಸುತ್ತಿ ತಿರುಗಿ ಬರಬೇಕು, ಅದೇ ಪಂದ್ಯ. ನಮ್ಮ ಸಾಹೇಬರು ಕೆಟಮರಾನಿನ ಚುಕ್ಕಾಣಿ ಹಿಡಿದು ಹಾಯಿಯ ಕಡೆ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದ ಬಣ್ಣ ಇಳಿಯಿತು.

"ಏನ್ರೀ ಮಾಡಿದ್ದೀರಿ ಇದನ್ನ?"

"ತಪ್ಪಾತ್ರಿ ಸಾಹೇಬ್ರ."

"ಮುಂದಿನ ಹಗ್ಗ ಸಡಿಲ ಮಾಡಿ, ಬೇಗ."

"ಬಿಚ್ಚಾಕ ಬರಂಗಿಲ್ರಿ. ಮಾರೆಪ್ಪನ ಅಜ್ಜನ ಗಂಟು."

ಸೀಟಿ ಕೂಗಿತು. ಪಡುವಣ ಗಾಳಿ ಹಾಯಿಗೆ ಬಡಿದ ಹೊಡೆತಕ್ಕೆ ಜೋಡೆತ್ತು ಕೊಟ್ಟಿಗೆಯಿಂದ ಬಿಟ್ಟ ಹೋರಿಯಂತೆ ಚಿಮ್ಮಿತು. ವಿರುಪಣ್ಣ ಕ್ಯಾನ್ವಾಸಿನ ಮೇಲೆ ಬೋರಲು ಬಿದ್ದು, ಸಿಕ್ಕ ಹಗ್ಗವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ.

"ಆ ಹಗ್ಗ ಬಿಡ್ರೀ," ಎಂದರು ಸಾಹೇಬರು. ಬಿಟ್ಟ. ಹಾಯಿ ಕೊಂಚ ಹೊರಕ್ಕೆ ಹೋಗಿ, ಗಾಳಿಯನ್ನು ಇನ್ನೂ ಚೆನ್ನಾಗಿ ಹಿಡಿದು, ದೋಣಿ ಮತ್ತೂ ಜೋರಾಯಿತು.

"ಹಾಗಲ್ಲ, ಎಳೀರಿ." ಎಳೆದ. ಒಂದು ಬದಿಯ ದೋಣಿ ನೀರು ಬಿಟ್ಟು ಮೇಲೆದ್ದಿತು. ಈಗ ಓಡುತ್ತಿದ್ದದ್ದು ಒಂದೇ ಎತ್ತು. ಅದೂ ಎರಡರ ಓಟ.

"ಅಯ್ಯೋ, ನಿಧಾನ ಹೋಗಲಿ ಕಣ್ರೀ," ಎಂದರು ಸಾಹೇಬರು. ಅವರ ದನಿ ಅಳುವಂತಿತ್ತು. ಇಷ್ಟು ಓದಿದವರಿಗೂ ನೀರಿನ ಹೆದರಿಕೆ ಇರುತ್ತದೆಯಲ್ಲ ಎಂದು ವಿರುಪಣ್ಣನಿಗೆ ಮರುಕವೆನಿಸಿತು. ಹಗ್ಗವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ.

ಬಂಡೆ ಸುತ್ತಿ ಬರುವಾಗ ದೊಡ್ಡ ಸಾಹೇಬರ ದೋಣಿ ಎದುರಾಯಿತು. ಅವರು ಇನ್ನೂ ಬಂಡೆಯ ಕಡೆ ಹೋಗುತ್ತಲೇ ಇದ್ದರು. ನಮ್ಮ ಸಾಹೇಬರು ಚುಕ್ಕಾಣಿ ಬಿಟ್ಟು ಎದ್ದು ನಿಂತು, "ಕ್ಷಮಿಸಬೇಕು ಸಾರ್," ಎಂದು ಸಲಾಮು ಹೊಡೆದರು. ಪಂದ್ಯದ ಪದ್ಧತಿಯೇ ಹೀಗಿರಬೇಕೆಂದು ವಿರುಪಣ್ಣನೂ ಮಲಗಿದ್ದಲ್ಲಿಂದಲೇ ಒಂದು ಸಲಾಮು ಹೊಡೆದ.

ದಂಡೆಗೆ ತಾಗಿದಾಗ ಮಂದಿ ಕೇಕೆ ಹಾಕಿತು. ಬಾಬಾಸಾಬ ತನ್ನ ಹೊಲಿಗೆಯನ್ನು, ದುರುಗವ್ವ ತನ್ನ ಬಿದಿರನ್ನು, ಮಾರೆಪ್ಪ ತನ್ನ ಅಜ್ಜನನ್ನು ಹೊಗಳಿಕೊಳ್ಳುತ್ತಿದ್ದರು. ಏನು ಸರಿಯಾಗಿದ್ದಕ್ಕೆ ಗೆದ್ದೆವೆಂದು ವಿರುಪಣ್ಣನಿಗೆ ಎಳ್ಳಷ್ಟೂ ತಿಳಿಯಲಿಲ್ಲ. ಆದರೂ ಗೆದ್ದದ್ದಂತೂ ಖರೆ. ತೊಯ್ದ ಅಂಗಿಯ ಕಿಸೆಯಿಂದ ರಜೆಯ ಅರ್ಜಿ ತೆಗೆದು ಒದರಿ, ಸಾಹೇಬರ ಮುಂದೆ ಹಿಡಿದ.

"ಹೊಂಡಲೇನ್ರಿ? ಬಸ್ಸಿನ ಹೊತ್ತಾತು."

ಸಾಹೇಬರು ಅವನನ್ನು ದೋಣಿಯ ಮರೆಗೆ ಎಳೆದುಕೊಂಡರು. "ರಜೆ ಬೇಕಾ ನಿಮಗೆ? ದೊಡ್ಡ ಸಾಹೇಬರು ಸೋಲೋದನ್ನ ಈ ನೀರು ಇವತ್ತಿನವರೆಗೂ ನೋಡಿರಲಿಲ್ಲ ಕಣ್ರೀ. ನನ್ನ ಬಡ್ತಿ ಕಾಗದ ಅವರ ಮೇಜಿನ ಮೇಲಿದೆ. ಇಡೀ ಕ್ಯಾಂಪಿನಲ್ಲಿ ಏನೂ ಗೊತ್ತಿಲ್ಲದೋರು ನೀವೊಬ್ಬರೇ ಅಂತ ಹುಡುಕಿ ಈ ಕೆಲಸ ಕೊಟ್ಟರೆ, ಇದಾ ನೀವು ಮಾಡೋದು?"

ಸೋಲಬೇಕಿತ್ತು ಎಂದು ಬೆಳಿಗ್ಗೆಯೇ ಹೇಳಿದ್ದರೆ, ವಿರುಪಣ್ಣ ಯಾರನ್ನೂ ಹತ್ತಿರ ಸೇರಿಸದೆ ತಾನೊಬ್ಬನೇ ಆ ಕೆಲಸವನ್ನು ಚೊಕ್ಕಟವಾಗಿ ಮಾಡಿಕೊಡುತ್ತಿದ್ದ.

ಅಷ್ಟರಲ್ಲಿ ದೊಡ್ಡ ಸಾಹೇಬರ ದೋಣಿ ದಂಡೆ ಮುಟ್ಟಿತು. ಅವರು ಮೊಣಕಾಲುದ್ದ ನೀರಲ್ಲೇ ಇಳಿದು, ಯಾರ ಕಡೆಗೂ ನೋಡದೆ, ನೆಟ್ಟಗೆ ಕೆಟಮರಾನಿನ ಹತ್ತಿರ ಬಂದರು. ಹಾಯಿಯ ಮೇಲೆ ಕೈಯಾಡಿಸಿದರು. ಬಿದಿರಿನ ಪಟ್ಟಿಗಳನ್ನು ಬಗ್ಗಿಸಿ ನೋಡಿದರು. ಗಂಟಿನ ಮುಂದೆ ಬಹಳ ಹೊತ್ತು ನಿಂತರು.

"ಯಾರು ಮಾಡಿದ್ದು ಇದನ್ನ?"

ಬಾಬಾಸಾಬ, ದುರುಗವ್ವ, ಮಾರೆಪ್ಪ ಮೂವರೂ ಒಟ್ಟಿಗೆ ವಿರುಪಣ್ಣನನ್ನು ತೋರಿಸಿದರು. ದೊಡ್ಡ ಸಾಹೇಬರ ಮುಖ ನೋಡಿದಮೇಲೆ ಕೀರ್ತಿ ಯಾರಿಗೂ ಬೇಡವಾಗಿತ್ತು.

ದೊಡ್ಡ ಸಾಹೇಬರು ಇದ್ದಕ್ಕಿದ್ದಂತೆ ನಕ್ಕರು. "ನನ್ನ ಮುಂದೆ ನಿಜವಾಗಿ ದೋಣಿ ಓಡಿಸೋ ಗಂಡಸು ಒಬ್ಬನೂ ಇಲ್ಲ ಅಂದ್ಕೊಂಡಿದ್ದೆ. ಇವರನ್ನ ನನಗೆ ಕೊಡಿ. ಮುಂದಿನ ವಾರ ದೊಡ್ಡ ಪಂದ್ಯ ಇದೆ, ನನ್ನ ಹಾಯಿ ಸರಿ ಮಾಡಿಕೊಡ್ತಾರೆ."

"ಈಗಲೇ ಕರ್ಕೊಂಡು ಹೋಗಿ ಸಾರ್," ಎಂದರು ನಮ್ಮ ಸಾಹೇಬರು, ಹೋದ ಜೀವ ಬಂದವರಂತೆ. ವಿರುಪಣ್ಣನ ಕೈಯಲ್ಲಿದ್ದ ಅರ್ಜಿಯನ್ನು ತಾವೇ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು.

"ಮಗಳ ತೊಟ್ಟಿಲು ಐತ್ರಿ ನಾಳಿ..." ಎಂದು ವಿರುಪಣ್ಣ ಶುರು ಮಾಡಿದ. ದೊಡ್ಡ ಸಾಹೇಬರನ್ನು ಕರೆದೊಯ್ಯಲು ಬಂದಿದ್ದ ಮೋಟಾರು ಲಾಂಚಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಲಾಂಚು ದಂಡೆ ಬಿಟ್ಟಿತು. ಕ್ಯಾಂಪಿನ ರಸ್ತೆಯಲ್ಲಿ ಕುಷ್ಟಗಿ ಬಸ್ಸು ಧೂಳೆಬ್ಬಿಸಿಕೊಂಡು ಹೋಗುವುದು ನೀರಿನ ಮೇಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ದೊಡ್ಡ ಸಾಹೇಬರು ಅವನ ಪಕ್ಕಕ್ಕೆ ಸರಿದು, ಗುಟ್ಟು ಕೇಳುವವರಂತೆ ದನಿ ಇಳಿಸಿದರು.

"ಈಗ ಹೇಳಿ. ಮೊದಲು ಏನು ಮಾಡಿದ್ರಿ?"

"ನನಗ ಖರೇನ ಏನೂ ಗೊತ್ತಿಲ್ರಿ," ಎಂದ ವಿರುಪಣ್ಣ.

ದೊಡ್ಡ ಸಾಹೇಬರು ಅವನ ಬೆನ್ನು ತಟ್ಟಿ, ಲಾಂಚಿನವನ ಕಡೆ ತಿರುಗಿದರು. "ನೋಡಿದ್ಯಾ, ನಿಜವಾದ ಪಳಗಿದ ಕೈ ಹೀಗಿರುತ್ತೆ. ಒಂದು ವಾರವಲ್ಲ, ಇವರನ್ನ ಒಂದು ತಿಂಗಳು ಇಟ್ಕೊಂಡೇ ಕಲೀಬೇಕು."