ನಾಲ್ಕು ಸಾಲಿನ ಷಡ್ಯಂತ್ರ

ಗುರುವಾರ ಬೆಳಿಗ್ಗೆ ಏಳೂವರೆಗೆ 'ಲ್ಯಾಂಟರ್ನ್' ವಾರಪತ್ರಿಕೆ ಮನೆಯ ಮೆಟ್ಟಿಲ ಮೇಲೆ ಬಿತ್ತು. ಏಳು ಮೂವತ್ತೆರಡಕ್ಕೆ ಮರ್ರಿ ಟ್ರೆಲೋರ್ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ, ಕೊಳಾಯಿ ಕೆಲಸದ ಅಳತೆ ಟೇಪು ಎಳೆದು, ಕ್ರೀಡಾಪುಟವನ್ನು ಉದ್ದಕ್ಕೂ ಅಡ್ಡಕ್ಕೂ ಅಳೆಯುತ್ತಿದ್ದ.

"ಟಾರ್ಲಾ ಕ್ಲಬ್ಬಿಗೆ ಮೂವತ್ತೆಂಟು ಸೆಂಟಿಮೀಟರು! ಫೋಟೋ ಬೇರೆ! ನಮ್ಮ ಮಿನ್ನಬೂಲಿಗೆ ಎಷ್ಟು ಹೇಳು ನೋಡೋಣ?"

"ಎಷ್ಟು?" ಎಂದಳು ಹೆಂಡತಿ ಗ್ಲೆನಿಸ್, ಟೋಸ್ಟಿನಿಂದ ತಲೆಯೆತ್ತದೆ.

"ಎರಡೂವರೆ. ನಾಲ್ಕೇ ನಾಲ್ಕು ಸಾಲು, ಗ್ಲೆನಿಸ್! 'ಮಿನ್ನಬೂಲ್ ಸೋತಿತು. ಎರಡನೇ ತಂಡವೂ ಸೋತಿತು.' ಆಮೇಲೆ ಅಂಕ. ಮುಗೀತು. ನಾವೇನು ಅಲ್ಲಿ ಮೂರು ಗಂಟೆ ದನ ಕಾಯ್ತಿದ್ವಾ?"

ಮರ್ರಿಯ ಹೊಟ್ಟೆಯುರಿಗೆ ನಿಜವಾದ ಕಾರಣ ಆ ನಾಲ್ಕು ಸಾಲಿನಲ್ಲಿ ಇದ್ದದ್ದಲ್ಲ, ಇಲ್ಲದ್ದು. ಹೋದ ಶನಿವಾರ, ಚೆಂಡನ್ನು ಕೈಯಲ್ಲೂ ಹಿಡಿಯುವ ಇಲ್ಲಿನ ಫುಟ್‌ಬಾಲಿನ ಎರಡನೇ ತಂಡದ ಪಂದ್ಯದಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ, ಎರಡೂ ಮಂಡಿಗೆ ಪಟ್ಟಿ ಬಿಗಿದುಕೊಂಡು, ಮರ್ರಿ ಟ್ರೆಲೋರ್ ಒಂದು ಗೋಲು ಹೊಡೆದಿದ್ದ. ಹನ್ನೊಂದು ವರ್ಷದಲ್ಲಿ ಮೊದಲನೆಯದು. (ಹನ್ನೊಂದು ವರ್ಷದ ಹಿಂದಿನದು ಎದುರಾಳಿಯ ಮೊಣಕಾಲಿಗೆ ತಗುಲಿ ಹೋದದ್ದು ಎಂದು ಕೆಲವರು ಇಂದಿಗೂ ಹೇಳುತ್ತಾರೆ. ಅವರೆಲ್ಲ ಟಾರ್ಲಾದವರು.) ಚೆಂಡು ಎರಡು ಎತ್ತರದ ಕಂಬಗಳ ನಟ್ಟನಡುವೆ ಹಾರಿತು. ಬಿಳಿ ಕೋಟಿನ ಗೋಲು ಅಂಪೈರು ಎರಡು ಬಾವುಟ ಬೀಸಿದ. ಮೈದಾನದ ಸುತ್ತ ನಿಂತಿದ್ದ ಕಾರುಗಳು ಪೀಂ ಪೀಂ ಎಂದು ಹಾರನ್ ಬಾರಿಸಿದವು. ಮರ್ರಿ ಎಣಿಸಿದ್ದಾನೆ, ಒಟ್ಟು ಹನ್ನೊಂದು ಕಾರು. ಇಂಥ ಐತಿಹಾಸಿಕ ಘಟನೆಯ ಬಗ್ಗೆ 'ಲ್ಯಾಂಟರ್ನ್' ಒಂದಕ್ಷರ ಹಾಕಿರಲಿಲ್ಲ.

"ಇದು ಮರೆತದ್ದಲ್ಲ, ಬೇಕೂಂತ ಮಾಡಿದ್ದು," ಎಂದ ಮರ್ರಿ. "ನಮ್ಮ ಕ್ಲಬ್ಬಿನ ವಾಲಿ ಹೆಂಟ್ಸ್‌ಕಿ ಊರು ಬಿಟ್ಟ ಮೇಲೇ ಹೀಗಾಗಿದ್ದು, ಗಮನಿಸಿದ್ಯಾ? ಅವನಿದ್ದಾಗ ನಮಗೆ ಅರ್ಧ ಪುಟ ಬರ್ತಿತ್ತು. ಅವನಿಗೆ ಹೆದರ್ತಿದ್ರು. ಮುದುಕ ಕ್ವೀನ್ಸ್‌ಲೆಂಡಿಗೆ ಮಗಳ ಮನೆಗೆ ಹೋಗಿದ್ದೇ ತಡ, ನಮ್ಮನ್ನ ಕಾಲ ಕಸ ಮಾಡಿದ್ರು."

"ನಮ್ಮೂರಿನ ನೆಟ್‌ಬಾಲಿಗೆ ಅರ್ಧ ಪುಟ ಇದೆಯಲ್ಲೋ."

"ಅಲ್ಲೇ ಇರೋದು ಕಿತಾಪತಿ! ಒಂದೇ ಮೈದಾನ, ಒಂದೇ ಕ್ಲಬ್ಬು. ಹೆಂಗಸರನ್ನ ಹೊಗಳಿ ಗಂಡಸರನ್ನ ತುಳಿಯೋದು. ಒಡೆದು ಆಳೋ ನೀತಿ. ಆ ಸಂಪಾದಕಿ ನೊರೀನ್ ಪೀಚ್ ಇದಾಳಲ್ಲ, ಅವಳು ಹುಟ್ಟಿದ್ದೆಲ್ಲಿ? ಟಾರ್ಲಾ ಆಸ್ಪತ್ರೇಲಿ."

"ನೀನೂ ಅಲ್ಲೇ ಹುಟ್ಟಿದ್ದು. ಈ ಸುತ್ತಿಗೆಲ್ಲ ಇರೋದು ಅದೊಂದೇ ಆಸ್ಪತ್ರೆ."

"ನಾನು ಎರಡೇ ದಿನದಲ್ಲಿ ವಾಪಸ್ ಬಂದೆ!"

ಗ್ಲೆನಿಸ್ ಚಾಕುವನ್ನು ಕೆಳಗಿಟ್ಟಳು. "ಮರ್ರಿ, ಪತ್ರಿಕೆಗೆ ಈ ಸುದ್ದಿಯೆಲ್ಲ ಎಲ್ಲಿಂದ ಬರುತ್ತೆ ಅಂತ ಯಾವತ್ತಾದ್ರೂ ಯೋಚನೆ..."

"ಯೋಚನೆ ಏನು, ಗೊತ್ತೇ ಇದೆ! ಟಾರ್ಲಾದ ಹೋಟೆಲಿನಿಂದ. ನೊರೀನ್ ಶನಿವಾರ ರಾತ್ರಿ ಊಟ ಮಾಡೋದು ಅಲ್ಲೇ."

ಗ್ಲೆನಿಸ್ ಚಾಕುವನ್ನು ಮತ್ತೆ ಎತ್ತಿಕೊಂಡಳು. ಹದಿನೆಂಟು ವರ್ಷ ಸಂಸಾರ ಮಾಡಿದ ಹೆಂಗಸು. ಯಾವ ಮಾತನ್ನು ಅರ್ಧಕ್ಕೆ ಬಿಡಬೇಕೆಂದು ಆಕೆಗೆ ಗೊತ್ತಿತ್ತು.

ಒಂದು ಗೋಲು ಅಚ್ಚಾಗದಿದ್ದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ನೀವು ಕೇಳಬಹುದು. ಮರ್ರಿಯ ತಾಯಿ ಬೆರಿಲ್‌ಳನ್ನು ನೀವು ನೋಡಿಲ್ಲ, ಅದಕ್ಕೆ ಕೇಳುತ್ತೀರಿ. ಎಂಬತ್ತೇಳು ವರ್ಷದ ಬೆರಿಲ್ ಇರುವುದು ಹಿರಿಯರ ಆರೈಕೆ ಮನೆಯಲ್ಲಿ. ಅದೂ ದುರದೃಷ್ಟಕ್ಕೆ ಟಾರ್ಲಾದಲ್ಲೇ, ಅಂದರೆ ಶತ್ರುಪಾಳೆಯದ ನಟ್ಟನಡುವೆ. ಪಕ್ಕದ ಹಾಸಿಗೆಯ ಲೋಯಿಸ್ ಶಿರ್ಮರ್‌ಳ ಮೊಮ್ಮಗ ಟಾರ್ಲಾ ತಂಡದ ಹೀರೋ. ಪ್ರತಿ ಗುರುವಾರ ಲೋಯಿಸ್ ಪತ್ರಿಕೆ ಕತ್ತರಿಸಿ ತನ್ನ ಬೀರುವಿನ ಬಾಗಿಲಿಗೆ ಅಂಟಿಸುತ್ತಾಳೆ. ಬಾಗಿಲು ತುಂಬಿ ಈಗ ಕಿಟಕಿಗೆ ಬಂದಿದೆ. ಬೆರಿಲ್‌ಳ ಬೀರು ಮಾತ್ರ ಬೋಳು.

ಗೋಲಿನ ಸುದ್ದಿಯನ್ನು ಮರ್ರಿ ಅಮ್ಮನಿಗೆ ಶನಿವಾರವೇ ಫೋನಿನಲ್ಲಿ ಹೇಳಿದ್ದ. ಅಮ್ಮ ಅದನ್ನು ಇಡೀ ಆರೈಕೆ ಮನೆಗೆ ಹೇಳಿದ್ದಳು. ಈಗ ಎಂಟು ಗಂಟೆಗೆ ಆಕೆಯ ಫೋನು ಬಂತು.

"ಮರ್ರಿ, ಪತ್ರಿಕೆ ಬಂತು. ಭೂತಗನ್ನಡಿ ಕೊಟ್ಟು ನರ್ಸ್ ಕೈಲಿ ನೋಡಿಸ್ದೆ. ನಿನ್ನ ಹೆಸರೇ ಇಲ್ಲ."

"ಅದು ಅವರ ಪಕ್ಷಪಾತ, ಅಮ್ಮಾ. ನಮ್ಮ ಕ್ಲಬ್ಬನ್ನ ಕಂಡ್ರೆ ಅವರಿಗೆ ಆಗಲ್ಲ."

"ಲೋಯಿಸ್ ಹಾಗನ್ನಲ್ಲ. ಹೊಡೆದಿದ್ರೆ ತಾನೇ ಹಾಕೋದು ಅಂತಾಳೆ." ಅಮ್ಮ ದನಿ ತಗ್ಗಿಸಿದಳು. "ನಾನು ನಿನ್ನ ಅಮ್ಮ, ಯಾರಿಗೂ ಹೇಳಲ್ಲ. ನಿಜ ಹೇಳು ಮಗಾ. ಹೊಡೆದ್ಯಾ?"

ಊರು ನಂಬದಿದ್ದರೆ ಹೋಗಲಿ, ಹೆತ್ತ ತಾಯಿಯೇ ನಂಬುವುದಿಲ್ಲವೆಂದರೆ ಹೇಗೆ? ಅಂದೇ ಅವನು ನಿರ್ಧರಿಸಿದ. ಈ ಷಡ್ಯಂತ್ರವನ್ನು ಬಯಲಿಗೆಳೆಯಬೇಕು, ಅಮ್ಮನ ಬೀರುವಿಗೆ ಕಾಗದ ಅಂಟಬೇಕು.

ಆ ಶನಿವಾರ ಪಂದ್ಯವಿರಲಿಲ್ಲ. ಸೋಮವಾರ ಬೆಳಿಗ್ಗೆ ಅವನು ಸಾಕ್ಷ್ಯಾಧಾರಗಳ ದಪ್ಪ ಕಡತವನ್ನು ಕಂಕುಳಲ್ಲಿಟ್ಟುಕೊಂಡು 'ಲ್ಯಾಂಟರ್ನ್' ಕಚೇರಿಗೆ ದಂಡೆತ್ತಿ ಹೋದ. ಜೊತೆಗೆ ಕ್ಲಬ್ಬಿನ ಅಧ್ಯಕ್ಷ, ಗೋಧಿ ಬೆಳೆಗಾರ ಕೆಲ್ವಿನ್ ನೊಸ್ಕಿ. ಕೆಲ್ವಿನ್‌ಗೆ ಬರಲು ಮನಸ್ಸಿರಲಿಲ್ಲ, ಆದರೆ ಅವನ ಸ್ನಾನದ ಮನೆಯ ಕೊಳಾಯಿ ಸೋರುತ್ತಿತ್ತು. ಮರ್ರಿಯನ್ನು ಎದುರು ಹಾಕಿಕೊಳ್ಳುವ ಹಾಗಿರಲಿಲ್ಲ.

'ಲ್ಯಾಂಟರ್ನ್' ಕಚೇರಿ ಅಂದರೆ ಒಂದು ಕೋಣೆ, ಒಂದು ಹೀಟರು ಮತ್ತು ನೊರೀನ್. ಸಂಪಾದಕಿ, ವರದಿಗಾರ್ತಿ, ಜಾಹೀರಾತು ವಿಭಾಗ, ಕಸ ಗುಡಿಸುವವಳು, ಎಲ್ಲ ಅವಳೇ.

"ಹೇಳಪ್ಪ ಮಜ್ಜಾ," ಎಂದಳು ನೊರೀನ್. ಊರಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ.

ಮರ್ರಿ ಗಂಟಲು ಸರಿಮಾಡಿಕೊಂಡ. "ಹದಿನಾಲ್ಕು ವಾರದ ಅಳತೆ ಇಲ್ಲಿದೆ. ಟಾರ್ಲಾಗೆ ಐದು ಮೀಟರು ಚಿಲ್ಲರೆ. ನಮಗೆ ಮೂವತ್ತೈದು ಸೆಂಟಿಮೀಟರು. ಇದರ ಹಿಂದೆ ಯಾರಿದಾರೆ ಅಂತ ನಂಗೆ ಗೊತ್ತಾಗ್ಬೇಕು. ಯಾರ ಕೈವಾಡ? ಹೆಸರು ಬೇಕು."

"ಹೆಸರು ಬೇಕಾ?"

"ಕೆಲ್ವಿನ್ ಎದುರಿಗೇ ಬೇಕು."

ನೊರೀನ್ ಮೇಜಿನ ಡ್ರಾಯರು ಎಳೆದು ಒಂದು ಹಾಳೆ ತೆಗೆದಳು. "ಪಂದ್ಯ ನೋಡೋಕೆ ನಾನೊಬ್ಬಳು ಎಂಟು ಊರಿಗೆ ಹೋಗೋಕಾಗಲ್ಲ, ಮಜ್ಜಾ. ಆಯಾ ಕ್ಲಬ್ಬಿನವರೇ ವರದಿ ಬರೆದು ಭಾನುವಾರ ಸಂಜೆ ಕಳಿಸ್ತಾರೆ. ನಾನು ಕಾಗುಣಿತ ತಿದ್ದಿ ಹಾಕ್ತೀನಿ. ಮೂವತ್ತೊಂದು ವರ್ಷ ನಿಮ್ಮದನ್ನ ವಾಲಿ ಬರೀತಿದ್ದ. ಈ ವರ್ಷದ್ದು, ತಗೋ, ನಿಮ್ಮ ಕ್ಲಬ್ಬಿನವರೇ ಕೊಟ್ಟ ಪಟ್ಟಿ. ಪ್ರಚಾರ ಕಾರ್ಯದರ್ಶಿ ಯಾರು ಅಂತ ಓದು."

ಮರ್ರಿ ಓದಿದ. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದ. ಎರಡೂ ಸಲ 'ಮರ್ರಿ ಟ್ರೆಲೋರ್' ಎಂದೇ ಇತ್ತು.

"ಅಯ್ಯೋ, ಹೌದಲ್ಲೋ!" ಎಂದ ಕೆಲ್ವಿನ್, ಹಣೆ ಚಚ್ಚಿಕೊಂಡು.

ಮಿನ್ನಬೂಲಿನಲ್ಲಿ ಒಂದು ಪದ್ಧತಿಯುಂಟು. ವರ್ಷದ ಮಹಾಸಭೆಯಲ್ಲಿ ಪದಾಧಿಕಾರಿಗಳ ಆಯ್ಕೆ ನಡೆಯುವಾಗ ಯಾರು ಎದ್ದು ಹೊರಗೆ ಹೋಗುತ್ತಾರೋ ಅವರ ತಲೆಗೆ ಒಂದು ಹುದ್ದೆ ಕಟ್ಟುವುದು. ಅದಕ್ಕೇ ಆ ಸಂಜೆ ಅನುಭವಸ್ಥರು ಎರಡು ಗಂಟೆ ಮೂತ್ರ ಕಟ್ಟಿಕೊಂಡು ಕೂರುತ್ತಾರೆ. ಕಳೆದ ನವೆಂಬರಿನಲ್ಲಿ ಮರ್ರಿ ಸಾಸೇಜು ಸೀಯುತ್ತಿರುವ ವಾಸನೆ ತಡೆಯಲಾರದೆ ಎದ್ದು ಹೊರಗೆ ಹೋಗಿದ್ದ.

"ನೀನು ವಾಪಸ್ ಬಂದಾಗ ಹೇಳಿದ್ನಲ್ಲ," ಎಂದ ಕೆಲ್ವಿನ್. "ವಾಲಿ ಕೆಲಸ ಇನ್ಮೇಲೆ ನಿಂದು ಅಂತ. ನೀನೂ ಆಗ್ಲಿ ಅಂದೆ."

"ವಾಲಿ ಕೆಲಸ ಅಂದ್ರೆ ಗೇಟಿಗೆ ಬೀಗ ಹಾಕೋದಲ್ವಾ?"

"ಅದನ್ನೂ ಮಾಡ್ತಿದ್ದ."

"ನಾನು ಪ್ರತಿ ಶನಿವಾರ ಬೀಗ ಹಾಕ್ತಾ ಇದೀನಿ, ಕೆಲ್ವಿನ್! ಒಂದು ವಾರ ತಪ್ಪಿಸಿಲ್ಲ!"

"ಅದಕ್ಕೇ ಅಂದ್ಕೊಂಡೆ," ಎಂದ ಕೆಲ್ವಿನ್, "ಈ ವರ್ಷ ಬೀಗ ಯಾರಪ್ಪ ಹಾಕ್ತಿರೋದು ಅಂತ."

ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುವ ಹಾಗೆ ಮರ್ರಿ ನೊರೀನ್‌ಳ ಕಡೆ ತಿರುಗಿದ. "ಹಾಗಾದ್ರೆ ನೀನ್ಯಾಕೆ ನಂಗೊಂದು ಮಾತು ಹೇಳ್ಲಿಲ್ಲ? ಬೇಕೂಂತ್ಲೇ ತಾನೇ?"

"ಹದಿನಾಲ್ಕು ಈಮೇಲ್ ಕಳಿಸಿದೀನಿ."

ಮರ್ರಿ ಇಂಗು ತಿಂದ ಮಂಗನ ಹಾಗಾದ. ಏಪ್ರಿಲ್ ತಿಂಗಳ ಮೊದಲ ವಾರವೇ, ಪಕ್ಷಪಾತದ ವಿರುದ್ಧ ತನ್ನ ವೈಯಕ್ತಿಕ ಬಹಿಷ್ಕಾರವೆಂದು, 'ಲ್ಯಾಂಟರ್ನ್'ನಿಂದ ಬರುವ ಈಮೇಲುಗಳನ್ನೆಲ್ಲ ಅವನು ಬ್ಲಾಕ್ ಮಾಡಿ ಕೂತಿದ್ದ.

"ಮತ್ತೆ ಆ ನಾಲ್ಕು ಸಾಲು?" ಎಂದ, ಕೊನೆಯ ಸಂಶಯವನ್ನು ಬಿಡಲಾರದೆ. "ಅದನ್ನಾದ್ರೂ ಯಾರೋ ಬರೆದಿರಬೇಕಲ್ಲ."

"ಗ್ಲೆನಿಸ್. ನೆಟ್‌ಬಾಲ್ ವರದಿ ಅವಳದ್ದು. ನಿಮ್ಮದು ಖಾಲಿ ಹೋಗ್ಬಾರದು, ಪಾಪ ಅಂತ ಕೆಳಗೆ ನಾಲ್ಕು ಸಾಲು ಸೇರಿಸ್ತಾಳೆ."

ಮನೆಗೆ ಬಂದಾಗ ಗ್ಲೆನಿಸ್ ಕುಂಬಳಕಾಯಿ ಹೆಚ್ಚುತ್ತಿದ್ದಳು. ಅವನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ಭಾನುವಾರ ಸಂಜೆ ಕಂಪ್ಯೂಟರ್ ಮುಂದೆ ಕುಟ್ತಾ ಇದ್ದದ್ದು ಅದಾ? ನಿನ್ನ ಅಕ್ಕನಿಗೆ ಕಾಗದ ಅಂದ್ಕೊಂಡಿದ್ದೆ!"

"ನನ್ನ ಅಕ್ಕನ ಜೊತೆ ಮಾತು ಬಿಟ್ಟು ಆರು ವರ್ಷ ಆಯ್ತು ಮರ್ರಿ."

"ಹೋಗ್ಲಿ, ನನ್ನ ಗೋಲು ಯಾಕೆ ಬರೀಲಿಲ್ಲ? ನಲವತ್ತು ಸಲ ಹೇಳಿದ್ನಲ್ಲ ನಿಂಗೆ! ಇದಕ್ಕೇನಂತೀಯ? ಇದು ಪಕ್ಷಪಾತ ಅಲ್ವಾ?"

"ಬರೆದಿದ್ದೆ ಕಣೋ. ಐದನೇ ಸಾಲು. ಆಮೇಲೆ ಅಳಿಸ್ದೆ." ಗ್ಲೆನಿಸ್ ಚಾಕು ನಿಲ್ಲಿಸಿದಳು. "ನಾನು ನೆಟ್‌ಬಾಲ್ ಅಂಗಳದಲ್ಲಿದ್ದೆ, ನಿನ್ನ ಗೋಲು ಕಣ್ಣಾರೆ ನೋಡ್ಲಿಲ್ಲ. ಗಂಡ ಹೇಳಿದ ಅಂತ ಗಂಡನ ಗೋಲನ್ನ ಹೆಂಡತಿ ಹಾಕಿದ್ರೆ ಜನ ಏನಂತಾರೆ? ಪಕ್ಷಪಾತ ಅನ್ನಲ್ವಾ? ಮನೇಲಿ ಹಗಲೂ ರಾತ್ರಿ ಅದೊಂದೇ ಮಾತು ಕೇಳಿ ಕೇಳಿ ನಂಗೇ ಹೆದರಿಕೆ ಹತ್ತಿಬಿಟ್ಟಿತ್ತು."

"ಈಗಾದ್ರೂ ಹಾಕಿಸ್ಬಹುದಲ್ಲ?"

"ನೊರೀನ್ ಹಳೇ ಪಂದ್ಯ ಹಾಕಲ್ಲ. ಈ ಶನಿವಾರ ಕೊನೇ ಪಂದ್ಯ. ಇನ್ನೊಂದು ಹೊಡಿ, ನೀನೇ ಬರಿ. ಇನ್ಮೇಲೆ ಒಂದು ಸಾಲೂ ನಾನು ಬರೆಯಲ್ಲ."

ಶನಿವಾರ ಬಂತು. ದೇವರು ದೊಡ್ಡವನೆಂದು ಮರ್ರಿಗೆ ಕೊನೆಯ ನಿಮಿಷದಲ್ಲಿ ಅನ್ನಿಸಿತು. ಮಿನ್ನಬೂಲ್ ಎರಡನೇ ತಂಡ ಟಾರ್ಲಾಗಿಂತ ಐದು ಅಂಕ ಹಿಂದಿತ್ತು. ಚೆಂಡು ತಾನಾಗಿಯೇ ಬಂದು ಅವನ ತೋಳಿನಲ್ಲಿ ಕೂತಿತು. ಅಷ್ಟರಲ್ಲಿ ಪಂದ್ಯ ಮುಗಿದ ಸೈರನ್ ಕೂಗಿತು. ಚೆಂಡು ಹಿಡಿದವನಿಗೆ ಒಂದು ಒದೆತದ ಹಕ್ಕು ಇದ್ದೇ ಇದೆ. ಇಪ್ಪತ್ತು ಮೀಟರು, ಕಂಬಗಳಿಗೆ ನೇರ ಎದುರು. ಗೋಲಾದರೆ ಆರು ಅಂಕ, ಗೆಲುವು. ಮರ್ರಿ ಒದೆದ. ಚೆಂಡು ಕಂಬಕ್ಕೆ ಠಣ್ಣೆಂದು ಬಡಿಯಿತು. ಕಂಬಕ್ಕೆ ತಗುಲಿದರೆ ಆರಲ್ಲ, ಒಂದು ಅಂಕ. ನಾಲ್ಕು ಅಂಕದ ಸೋಲು. ಒಂದು ಕಾರು ಹಾರನ್ ಬಾರಿಸಿತು, ಅದೂ ಟಾರ್ಲಾದ್ದು.

ಭಾನುವಾರ ಮಧ್ಯಾಹ್ನ ಅವನು ಕಂಪ್ಯೂಟರ್ ಮುಂದೆ ಕೂತು, "ಬಿರುಗಾಳಿಯ ಹಾವಳಿಯಿಂದಾಗಿ," ಎಂದು ಶುರು ಮಾಡಿದ.

"ನಿನ್ನೆ ಒಂದೆಲೆ ಅಲ್ಲಾಡ್ಲಿಲ್ಲ," ಎಂದಳು ಗ್ಲೆನಿಸ್, ಭುಜದ ಹಿಂದಿನಿಂದ.

"'ಆಟಗಾರನೊಬ್ಬನ ಒದೆತವು' ಅಂತ ಹಾಕ್ಲಾ?"

"ಟಾರ್ಲಾದವನು ತಪ್ಪಿಸಿದ್ರೆ ಹೆಸರು ಹಾಕ್ತಿರ್ಲಿಲ್ವಾ? ಇಷ್ಟು ದಿನ ಯಾವುದಕ್ಕೆ ಬಾಯಿ ಬಡ್ಕೊಂಡೆ?"

ಮರ್ರಿ ಅಹಂಕಾರಿಯಿರಬಹುದು, ಅನುಮಾನದ ಪ್ರಾಣಿಯಿರಬಹುದು, ಆದರೆ ಕಳ್ಳನಲ್ಲ. ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಬರೆದ: ಇಪ್ಪತ್ತು ಮೀಟರು, ಶಾಂತವಾದ ಹವೆ, ಕಂಬ, ಸೋಲು, ತಪ್ಪಿಸಿದವನ ಪೂರ್ತಿ ಹೆಸರು. ಬರೆಯುತ್ತಾ ಹೋದ ಹಾಗೆ ಕೈ ಓಡತೊಡಗಿತು. ಗುರುವಾರ ಅಳೆದು ನೋಡಿದಾಗ ಮಿನ್ನಬೂಲಿಗೆ ನಲವತ್ತೊಂದು ಸೆಂಟಿಮೀಟರು, ಟಾರ್ಲಾಗೆ ಮೂವತ್ತಾರು! ಮೇಲೆ ನೊರೀನ್ ಕೊಟ್ಟ ದಪ್ಪ ಶೀರ್ಷಿಕೆ: 'ಗೆದ್ದ ಪಂದ್ಯ ಸೋಲಿಸಿದ ಟ್ರೆಲೋರ್.'

ಎಂಟಕ್ಕೆ ಸರಿಯಾಗಿ ಫೋನು ಬಂತು.

"ಲೋಯಿಸ್ ಓದಿ ಹೇಳಿದ್ಲು," ಎಂದಳು ಅಮ್ಮ. "ಎರಡು ಸಲ. ಎರಡನೇ ಸಲ ಓದು ಅಂತ ನಾನೇನೂ ಕೇಳಿರ್ಲಿಲ್ಲ."

"ಅಮ್ಮಾ, ಅದೇನಾಯ್ತು ಅಂದ್ರೆ..."

"ನೀನು ಸುಮ್ನಿರು. ಈಗ ನಂಗೆ ಎಲ್ಲ ಅರ್ಥ ಆಯ್ತು. ನೀನು ಗೋಲು ಹೊಡೆದಾಗ ಒಂದಕ್ಷರ ಇಲ್ಲ, ತಪ್ಪಿದಾಗ ನನ್ನ ಮೊಳಕೈಯುದ್ದ ಬರೀತಾರೆ! ಇದಕ್ಕಿಂತ ಸಾಕ್ಷಿ ಬೇಕಾ? ನೀನು ಹೇಳಿದ್ದು ನೂರಕ್ಕೆ ನೂರು ನಿಜ ಕಣೋ, ಅವರಿಗೆ ನಮ್ಮ ಮನೆತನ ಕಂಡ್ರೆ ಆಗಲ್ಲ. ಲೋಯಿಸೂ ಒಪ್ಕೊಂಡ್ಲು. ನಿನ್ನ ಆ ಗೋಲನ್ನ ನಾವಿಬ್ರೂ ಈಗ ನಂಬ್ತೀವಿ."

ಮರ್ರಿ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟ.

"ಆದ್ರೆ ಒಂದು," ಎಂದಳು ಅಮ್ಮ. "ಇದನ್ನ ಬರೆದನಲ್ಲ, ಆ ಹೊಟ್ಟೆಕಿಚ್ಚಿನ ಮುಂಡೇದು, ಅವನು ಯಾರು? ಹೆಸರು ಹೇಳು. ಅವನನ್ನ ಕೆಲಸದಿಂದ ತೆಗೀಬೇಕು ಅಂತ ಇಲ್ಲಿರೋ ಇಪ್ಪತ್ತಾರು ಜನರ ಸಹಿ ಹಾಕಿಸಿ ಕಾಗದ ಕಳಿಸ್ತಿದೀನಿ."

ಟೋಸ್ಟು ಕಚ್ಚುತ್ತಿದ್ದ ಗ್ಲೆನಿಸ್ ಅದನ್ನು ಹಾಗೆಯೇ ಕೈಯಲ್ಲಿ ಹಿಡಿದು ಗಂಡನ ಬಾಯನ್ನೇ ನೋಡುತ್ತಾ ಕೂತಳು. ನಿಜ ಹೇಳಿದರೆ ಗೋಲು ಹೋಗುತ್ತದೆ, ಹನ್ನೊಂದು ವರ್ಷಕ್ಕೊಮ್ಮೆ ಬಂದ ಗೋಲು.

"ಯಾರು ಅಂತ ಸರಿಯಾಗಿ ಗೊತ್ತಿಲ್ಲ ಅಮ್ಮಾ," ಎಂದ ಮರ್ರಿ, ಹೆಂಡತಿಗೆ ಬೆನ್ನು ತಿರುಗಿಸಿ. "ಯಾರೋ ಟಾರ್ಲಾ ಆಸ್ಪತ್ರೇಲಿ ಹುಟ್ಟಿದವನಂತೆ."