ಪೆಂಗ್ವಿನ್ ದ್ವೀಪಕ್ಕೆ ಕಾಲಿಟ್ಟದ್ದು

ನಾನು ಸುಮ್ಮನೆ ಕೂತರೂ ಎಡವಟ್ಟುಗಳು ವಿಳಾಸ ಕೇಳಿಕೊಂಡು ಬರುತ್ತವೆ. ಅಂಟಾರ್ಕ್ಟಿಕಾದ ಹತ್ತಿರ ಜನವಸತಿ ಇಲ್ಲದ ದ್ವೀಪಗಳುಂಟು. ಅಲ್ಲಿಗೆ ಪ್ರವಾಸಿಗರನ್ನು ಕರೆದೊಯ್ಯುವ ಹಡಗಿನಲ್ಲಿ ನಾನು ಅಡುಗೆಯವ. ಎಡವಟ್ಟುಗಳು ಅಲ್ಲಿಗೂ ಬಂದವು.

೧. ಇಳಿಯದವನು

ರಜೆಯಲ್ಲಿ ನಮ್ಮ ಊರು ಬಿಜೈಗೆ ಬಂದಿದ್ದೆ. ಪಕ್ಕದ ಮನೆಯ ಅಕ್ಕ, ಪೆಂಗ್ವಿನ್ ಜೊತೆ ನಿಂತ ಫೋಟೋ ತೋರಿಸು ಅಂದರು. ಮೂರು ಸಲ ಹೋದರೂ ಇಳಿದಿಲ್ಲ, ಎಲ್ಲರೂ ಇಳಿಯುವ ಹೊತ್ತಿಗೆ ನನಗೆ ಮಧ್ಯಾಹ್ನದ ಅಡುಗೆ ಅಂದೆ.

"ಹಾಗಾದ್ರೆ ನಿಂದು ಸಿಟಿ ಬಸ್ಸಿನ ಕಂಡಕ್ಟರ್ ಕೆಲಸ ಮಾರಾಯ. ಎಲ್ಲರನ್ನೂ ಇಳಿಸುವುದು, ತಾನು ಮಾತ್ರ ಇಳಿಯದ್ದು."

ನಗು ಬಂತು, ಹೊಟ್ಟೆಯೂ ಉರಿಯಿತು. ಈ ಸಲ ಇಳಿದೇ ಇಳಿಯುವುದು ಅಂತ ನಿಶ್ಚಯ ಮಾಡಿದೆ.

೨. ಜೇಬಿನಲ್ಲಿ ಅಕ್ಷತೆ

ನಾಲ್ಕನೇ ಸಲ ಹೋದಾಗ ಅಡುಗೆ ಬೇಗ ಮುಗಿಸಿಟ್ಟೆ. ದಡಕ್ಕೆ ಹೋಗುವ ದೋಣಿಯಲ್ಲಿ ಒಂದು ಸೀಟು ಖಾಲಿ ಉಂಟು ಅಂತ ಪ್ರವಾಸದ ಮುಖ್ಯಸ್ಥೆ ಕರೆದರು. ದ್ವೀಪಕ್ಕೆ ಹೊರಗಿನ ಒಂದು ಬೀಜವೂ ಹೋಗಬಾರದು. ಅದಕ್ಕೆ ಬೂಟು ತೊಳೆಸಿ, ಜೇಬು ಹೊರಗೆಳೆದು ನೋಡುತ್ತಾರೆ. ನನ್ನ ಜೇಬಿನಿಂದ ಅಕ್ಷತೆ, ಒಣಗಿದ ತುಳಸಿ ಎಲ್ಲ ಉದುರಿತು. ಹೊರಡುವಾಗ ಅಮ್ಮ ಹೇಳದೆ ತುರುಕಿದ್ದು! ಮುಖ್ಯಸ್ಥೆ ಚಿಮಟದಲ್ಲಿ ಕಾಳು ಕಾಳು ಹೆಕ್ಕುತ್ತಾ ಇದೆಂತ ಅಂತ ಕೇಳಿದರು. ಅಮ್ಮನ ಆಶೀರ್ವಾದ ಅಂದೆ. ಹೆಕ್ಕಿ ಮುಗಿಯುವಾಗ ದೋಣಿ ಹೋಗಿಯಾಗಿತ್ತು.

ಅಮ್ಮನಿಗೆ ಫೋನ್ ಮಾಡಿ ಸಿಡುಕಿದೆ.

"ಆ ಚಳಿಯಲ್ಲಿ ದೋಣಿ ಹತ್ತದ ಹಾಗೆ ಮಾಡಿತಲ್ಲ," ಅಂದರು ಅಮ್ಮ, "ಪ್ರಸಾದ ಕೆಲಸ ಮಾಡಿತು ನೋಡು."

೩. ಕ್ಷಮೆ

ಮರುದಿನ ಇನ್ನೊಂದು ದ್ವೀಪ. ಮುಖ್ಯಸ್ಥೆಗೆ ಪಾಪ ಅನಿಸಿತೋ ಏನೋ, ಮತ್ತೆ ಕರೆದರು. ಹಕ್ಕಿಜ್ವರದ ಭಯ ಉಂಟು, ಕೂರಬಾರದು, ಮೊಣಕಾಲೂರಬಾರದು, ನೆಲ ಮುಟ್ಟಬಾರದು, ಮುಟ್ಟಿದವರು ಸೀದಾ ವಾಪಸ್ ಅಂತ ಹೇಳಿದರು. ಎಲ್ಲದಕ್ಕೂ ತಲೆಯಾಡಿಸಿದೆ.

ದಡಕ್ಕೆ ಕಾಲಿಟ್ಟೆ. ಕಣ್ಣು ಹಾಯಿಸಿದಷ್ಟು ದೂರ ಪೆಂಗ್ವಿನ್‌ಗಳು. ಸಂತೋಷ ತಡೆಯಲಿಕ್ಕೆ ಆಗಲಿಲ್ಲ. ದೇವಸ್ಥಾನದ ಮೆಟ್ಟಿಲಿಗೆ ಮಾಡುವ ಅಭ್ಯಾಸ ನೋಡಿ, ಬಗ್ಗಿ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡುಬಿಟ್ಟೆ.

ಮುಖ್ಯಸ್ಥೆ ಓಡಿ ಬಂದರು. ನನ್ನ ಕೈಗೆ, ಹಣೆಗೆ ಔಷಧಿ ಒರೆಸಿ ದೋಣಿ ಹತ್ತಿಸಿದರು. ದ್ವೀಪದಲ್ಲಿ ಇದ್ದದ್ದು ಎರಡು ನಿಮಿಷ. ಇನ್ನು ಜನ್ಮದಲ್ಲಿ ಇಳಿಸುವುದಿಲ್ಲ ಅಂತ ದುಃಖ ಬಂತು. ಯಾಕೆ ಹಾಗೆ ಮಾಡಿದೆ ಅಂತ ಮುಖ್ಯಸ್ಥೆ ಕೇಳಿದರು.

"ಕಾಲಲ್ಲಿ ತುಳಿಯುತ್ತೇವಲ್ಲ, ಅದಕ್ಕೆ ಮೊದಲು ಕ್ಷಮೆ ಕೇಳುವುದು."

ಸಂಜೆ ಅವರು ಪ್ರವಾಸಿಗರನ್ನು ಸೇರಿಸಿ ಹೊಸ ನಿಯಮ ಹೇಳಿದರು: ಇನ್ನು ಮುಂದೆ ಎಲ್ಲರೂ ದ್ವೀಪದ ಕ್ಷಮೆ ಕೇಳಿಯೇ ಮುಂದೆ ಹೋಗಬೇಕು, ಆದರೆ ನಿಂತುಕೊಂಡು.

ಮರುದಿನ ಬೆಳಿಗ್ಗೆ ದಡದಲ್ಲಿ ಪ್ರವಾಸಿಗರೆಲ್ಲ ಸಾಲಾಗಿ ಪೆಂಗ್ವಿನ್‌ಗಳಿಗೆ ಕೈಮುಗಿದು ನಿಂತರು. ಅವರಿಗೆ ಕೈ ಹೇಗೆ ಮುಗಿಯುವುದು ಅಂತ ಹೇಳಿಕೊಡಲು ಒಬ್ಬ ಜನ ಬೇಕಲ್ಲ, ಎಲ್ಲರಿಗಿಂತ ಮೊದಲು ನನ್ನನ್ನೇ ಇಳಿಸಿದ್ದರು.